ಮಗ್ಗದ ಸಪ್ಪಳವನ್ನು ನಂಬಿದ ವರ್ಷ

ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ಸೇರಿಹೋದ ನಾಲ್ಕನೆಯ ವರ್ಷ, ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಹತ್ತೂವರೆಗೆ ನಾನು ರಬಕವಿಯ ದವಾಖಾನೆಯಲ್ಲಿ ಔಷಧ ಕೊಡುವ ಕಿಂಡಿಯ ಒಳಗೆ ನಿಂತಿದ್ದೆ. ನನ್ನ ಬಲಕ್ಕೆ ಬಾಟಲಿಗಳ ಕಪಾಟು, ಎಡಕ್ಕೆ ಡಾಕ್ಟರರ ಕೋಣೆಯ ಬಾಗಿಲು. ಬಾಗಿಲು ತೆರೆದಿತ್ತು. ಕಿಂಡಿಯಿಂದ ನೋಡಿದರೆ ನೇಕಾರರ ಓಣಿಯ ಮೊದಲ ಮೂರು ಮನೆಗಳು ಕಾಣುತ್ತಿದ್ದವು. ಇಷ್ಟನ್ನು ಮೊದಲೇ ಹೇಳುತ್ತಿದ್ದೇನೆ. ಮುಂದೆ ಬರೆಯುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಎಷ್ಟು, ಬೇರೆಯವರಿಂದ ಕೇಳಿದ್ದು ಎಷ್ಟು ಎಂಬುದು ಓದುವವರಿಗೆ ತಿಳಿದಿರಬೇಕು.

ನಾನು ಆ ದವಾಖಾನೆಯ ಕಂಪೌಂಡರ್. ಆಗ ನನಗೆ ಇಪ್ಪತ್ನಾಲ್ಕು. ಊರು ಜಮಖಂಡಿ, ಕೆಲಸ ಕಲಿತದ್ದು ಮಿರಜದಲ್ಲಿ. ಡಾಕ್ಟರರೂ ಜಮಖಂಡಿಯವರೇ. ಸೋಮವಾರ ಮತ್ತು ಗುರುವಾರ ಬಸ್ಸಿಗೆ ಬಂದು ಸಂಜೆ ಹಿಂದಿರುಗುತ್ತಿದ್ದರು. ಉಳಿದ ದಿನಗಳಲ್ಲಿ ಅವರು ಬರೆದಿಟ್ಟ ಔಷಧವನ್ನು ಅಳೆದು ಕೊಡುವುದು ನನ್ನ ಕೆಲಸ.

ಆ ಸೋಮವಾರ ಕಿಂಡಿಗೆ ಬಂದವರು ಓಣಿಯ ಮೂರನೆಯ ಮನೆಯ ನೇಕಾರರ ಹೆಂಡತಿ. ಮೂವತ್ತು ವರ್ಷದ ಆಸುಪಾಸು. ನಾನು ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ, ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ. ಗಂಡನ ಔಷಧಕ್ಕಾಗಿ ಅವರು ಖಾಲಿ ಬಾಟಲಿ ಹಿಡಿದು ಬರುವುದು ರೂಢಿ. ಅಂದು ಬಾಟಲಿ ಇರಲಿಲ್ಲ. ಕಂಕುಳಲ್ಲಿ ಬಟ್ಟೆಯ ಗಂಟಿತ್ತು.

"ಬಾಟ್ಲಿ ಎಲ್ಲೈತ್ರಿ ಅಕ್ಕಾರ?"

"ಬಾಟ್ಲಿ ಬ್ಯಾಡ್ರಿ ಇವತ್ತ. ಅರಬಿ ತಂದೀನಿ. ಡಾಕ್ಟರ್ ಸಾಹೇಬ್ರಿಗೆ ತೋರಸಬೇಕು."

"ಡಾಕ್ಟರ್ ನಾಲಿಗಿ ನೋಡ್ತಾರ, ಅರಬಿ ನೋಡೂದಿಲ್ರಿ," ಎಂದೆ. ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ನಕ್ಕರು. ಅಕ್ಕ ನಗಲಿಲ್ಲ. ಕಿಂಡಿಯನ್ನು ಬಿಟ್ಟು ನೇರವಾಗಿ ಡಾಕ್ಟರರ ಕೋಣೆಯ ಹೊಸ್ತಿಲಿಗೆ ಹೋಗಿ ನಿಂತರು.

ಅವರು ಯಾಕೆ ಹಾಗೆ ಬಂದರು ಎಂಬುದಕ್ಕೆ ಹಿಂದಿನ ಹತ್ತು ತಿಂಗಳನ್ನು ಹೇಳಬೇಕು.

ಹಿಂದಿನ ವರ್ಷ ದಸರೆಯ ಮುಂಚೆ ಆ ನೇಕಾರರನ್ನು ಹೊರಸಿನ ಮೇಲೆ ಹೊತ್ತು ತಂದಿದ್ದರು. ಮೂತ್ರದ ಹಾದಿಯಲ್ಲಿ ಹರಳು ಸಿಕ್ಕಿಕೊಂಡ ನೋವು. ನಲವತ್ತು ವರ್ಷದ ಗಟ್ಟಿ ಆಳು, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಹಸುವಿನಂತೆ ಒರಲುತ್ತಿದ್ದರು. ಡಾಕ್ಟರರು ಮಾರ್ಫಿಯಾದ ಸೂಜಿ ಚುಚ್ಚಿದರು. ಕಾಲು ತಾಸಿನಲ್ಲಿ ಅವರು ಕಾಲು ಚಾಚಿ ಮಲಗಿ, "ಚಹಾ ಸಿಗತೈತೇನ್ರಿ?" ಎಂದು ನನ್ನನ್ನು ಕೇಳಿದರು. ಅದನ್ನು ಕಣ್ಣಿಂದ ನೋಡಿದವನು ಆ ಔಷಧವನ್ನು ಸುಮ್ಮನೆ ಹಳಿಯಲಾರ. ನಾನು ಇಂದಿಗೂ ಹಳಿಯುವುದಿಲ್ಲ.

ಹರಳು ಬಿದ್ದುಹೋಯಿತು. ಆದರೆ ಬೆನ್ನಿನ ನೋವು ಉಳಿಯಿತು. ಅದು ಹರಳಿನದಲ್ಲ, ಮಗ್ಗದ್ದು. ನಮ್ಮ ಕಡೆಯ ಕೈಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಿರುತ್ತಾರೆ. ನೇಯುವವರು ಅಂಚಿನಲ್ಲಿ ಕುಳಿತು, ಕಾಲನ್ನು ಕುಣಿಯಲ್ಲಿ ಇಳಿಬಿಟ್ಟು ಹಲಗೆ ತುಳಿಯುತ್ತ, ಮುಂದಕ್ಕೆ ಬಾಗಿ ಲಾಳಿ ಎಸೆಯುತ್ತ ದಿನವಿಡೀ ಇರಬೇಕು. ಇಪ್ಪತ್ತೈದು ವರ್ಷ ಹಾಗೆ ಕುಳಿತ ಬೆನ್ನು ಅದು. ಡಾಕ್ಟರರು ಎರಡು ವಾರಕ್ಕೆಂದು ಅಫೀಮಿನ ಟಿಂಕ್ಚರು ಬರೆದುಕೊಟ್ಟರು. ಕಂದು ಬಣ್ಣದ ಕಹಿ ನೀರು. ಹೊತ್ತಿಗೆ ಹತ್ತು ಹನಿ, ದಿನಕ್ಕೆ ಮೂರು ಹೊತ್ತು.

ಎರಡು ವಾರ ಹತ್ತು ತಿಂಗಳಾದದ್ದು ಹೇಗೆಂದರೆ, ನಾವೆಲ್ಲ ಮಗ್ಗದ ಸಪ್ಪಳವನ್ನು ನಂಬಿದೆವು.

ಆ ಓಣಿಯಲ್ಲಿ ಯಾರೂ ಯಾರನ್ನೂ ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಮಗ್ಗದ ಸಪ್ಪಳ ಬರುತ್ತಿದ್ದರೆ ಆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದು ಲೆಕ್ಕ. ಎಳೆ ಕಡಿದರೆ, ಲಾಳಿಯೊಳಗಿನ ನೂಲು ಮುಗಿದು ಕಂಡಿಕೆ ಬದಲಿಸಬೇಕಾದರೆ ಮಗ್ಗ ನಿಲ್ಲುತ್ತದೆ. ಅದಕ್ಕೆಷ್ಟು ಹೊತ್ತು ಬೇಕು ಎಂಬುದು ಎಲ್ಲರ ಕಿವಿಗೂ ಗೊತ್ತು. ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ ಕೂಗಿ ವಿಚಾರಿಸುತ್ತಾರೆ. ಇದು ಅಲ್ಲಿನ ಪದ್ಧತಿ. ಟಿಂಕ್ಚರು ಶುರುವಾದ ಮೇಲೆ ಮೂರನೆಯ ಮನೆಯ ಮಗ್ಗ ಮೊದಲಿಗಿಂತ ಜೋರಾಗಿಯೇ ನಡೆಯಿತು. ಗೋಡೆಗೆ ಗೋಡೆ ಹಚ್ಚಿದ ಮನೆಯ ನೇಕಾರ, ಬಾಯಿ ಸುಮ್ಮನಿರದ ಮನುಷ್ಯ, ಕಿಂಡಿಗೆ ಬಂದು, "ಅಂವಗ ಕೊಟ್ಟ ನೀರು ನನಗೂ ನಾಕ ಹನಿ ಹಾಕ್ರಿ ಕಂಪೌಂಡರ್ರ, ನಾನೂ ದಿನಕ್ಕೊಂದು ಸೀರಿ ಇಳಸ್ತೀನಿ," ಎಂದು ಚೇಷ್ಟೆ ಮಾಡುತ್ತಿದ್ದ.

ಅಳತೆ ಹೆಚ್ಚಿಸಬೇಕೆನಿಸಿದಾಗ ನೇಕಾರರು ತಾವೇ ಬುಧವಾರವೋ ಶನಿವಾರವೋ, ಡಾಕ್ಟರರು ಇಲ್ಲದ ದಿನ ಬರುತ್ತಿದ್ದರು. "ಮೊದಲಿನಂಗ ಹತ್ತವಲ್ದರಿ. ಒಂಚೂರು ಹೆಚ್ಚ ಮಾಡ್ರಿ." ನಾನು ಒಂಚೂರು ಹೆಚ್ಚು ಮಾಡುತ್ತಿದ್ದೆ. ಮುಂದಿನ ಸೋಮವಾರ ಡಾಕ್ಟರರಿಗೆ ತಿಳಿಸುತ್ತಿದ್ದೆ. ಅವರು ಕನ್ನಡಕ ಒರೆಸುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮಗ್ಗ ನಡದದ ಏನು?"

"ನಡದದರಿ."

"ಹಂಗಾರೆ ಇರಲಿ."

ತಿಳಿಸಿದ್ದು ಎಲ್ಲ ಸಲವಲ್ಲ. ಕೆಲವು ಸಲ ತಿಳಿಸಲಿಲ್ಲ. ಎಷ್ಟು ಸಲ ಎಂದು ಈಗ ಖಚಿತವಾಗಿ ಹೇಳಲಾರೆ, ಐದಕ್ಕಿಂತ ಕಡಿಮೆಯಂತೂ ಅಲ್ಲ. ಶ್ರಾವಣದ ಹೊತ್ತಿಗೆ ಅಳತೆ ಎಲ್ಲಿಗೆ ಮುಟ್ಟಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೊಸಬರು ಯಾರಾದರೂ ಅದರ ಅರ್ಧ ಕುಡಿದಿದ್ದರೂ ಏಳುತ್ತಿರಲಿಲ್ಲ.

ಈಗ ಆ ಸೋಮವಾರಕ್ಕೆ ಬರುತ್ತೇನೆ. ಅಕ್ಕ ಡಾಕ್ಟರರ ಮೇಜಿನ ಮೇಲೆ ಗಂಟು ಬಿಚ್ಚಿದರು. ಒಳಗೆ ಎರಡು ಸೀರೆಗಳಿದ್ದವು. ಒಂದು, ಹಿಂದಿನ ದೀಪಾವಳಿಗೆ ಗಂಡ ಅವರಿಗಾಗಿಯೇ ನೇಯ್ದದ್ದು. ವರ್ಷಕ್ಕೊಂದು ಸೀರೆಯನ್ನು ಮನೆಯ ಹೆಂಗಸಿಗೆಂದು ತನ್ನ ಮಗ್ಗದಲ್ಲೇ ಇಳಿಸುವುದು ಆ ಮನೆಯಲ್ಲಿ ನಡೆದುಬಂದದ್ದು. ಇನ್ನೊಂದು, ಹಿಂದಿನ ದಿನವಷ್ಟೇ ಮಗ್ಗದಿಂದ ಕೊಯ್ದದ್ದು. ಡಾಕ್ಟರರು ಹುಬ್ಬೇರಿಸಿದರು.

"ಏನವಾ ಇದು? ನನಗ ಸೀರಿ ಮಾರಲಿಕ್ಕೆ ಬಂದಿ ಏನು?"

"ಮಾರಾಕಲ್ರಿ. ಬೆಳಕಿಗೆ ಹಿಡೀರಿ."

ಡಾಕ್ಟರರು ನನ್ನನ್ನು ಕರೆದರು. ನಾನೊಂದು ತುದಿ, ಅಕ್ಕ ಒಂದು ತುದಿ ಹಿಡಿದು ದೀಪಾವಳಿಯ ಸೀರೆಯನ್ನು ಬಾಗಿಲ ಬೆಳಕಿಗೆ ಎಳೆದೆವು. ದಟ್ಟವಾದ ನೇಯ್ಗೆ. ಅಕ್ಕ ಒಂದು ಜಾಗದಲ್ಲಿ ಬೆರಳಿಟ್ಟರು. ಅಲ್ಲಿ ನಾಲ್ಕು ಬೆರಳಗಲದಷ್ಟು ನೇಯ್ಗೆ ಸಡಿಲಾಗಿ, ಬೆಳಕು ಜರಡಿಯಿಂದ ಬಂದಂತೆ ಬರುತ್ತಿತ್ತು. ಆಮೇಲೆ ಮತ್ತೆ ದಟ್ಟ. ನಾಲ್ಕು ಮೊಳ ದಾಟಿದ ಮೇಲೆ ಇನ್ನೊಂದು ಸಡಿಲ ಪಟ್ಟಿ.

"ಔಷಧದ ಗುಣ ಇಳದಾಗ ಅವ್ರ ಕೈ ಇಳೀತೈತ್ರಿ. ಹೊಕ್ಕಿನ ಎಳಿ ಬಡದು ಕೂಡ್ಸೂ ಪೆಟ್ಟು ಸಡ್ಲ ಬೀಳತೈತಿ. ಕುಡದ್ರು ಅಂದ್ರ ಮತ್ತ ಗಟ್ಟಿ. ಇದು ದೀಪಾವಳೀದು. ಈಗ ಇದನ್ನ ನೋಡ್ರಿ."

ಎರಡನೆಯ ಸೀರೆಯನ್ನು ಎಳೆದೆವು. ಒಂದು ಗೇಣು ದಟ್ಟ, ನಾಲ್ಕು ಬೆರಳು ಸಡಿಲು. ಮತ್ತೆ ಗೇಣು, ಮತ್ತೆ ಸಡಿಲು. ಸೀರೆಯ ಉದ್ದಕ್ಕೂ ಹೀಗೇ. ಅಕ್ಕ ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಬಟ್ಟೆಯ ಮೇಲೆ ಜಾರಿಸುತ್ತ ಹೋದರು. ಸಡಿಲು ಬಂದಲ್ಲೆಲ್ಲ ಕೈ ನಿಲ್ಲಿಸಿ, "ಇಲ್ಲಿ ಕುಡದಾರ. ಇಲ್ಲಿ ಕುಡದಾರ. ಇಲ್ಲಿ," ಎಂದು ಹೇಳುತ್ತಿದ್ದರು.

"ಓಣ್ಯಾಗ ಎಲ್ಲಾರೂ ಸಪ್ಪಳ ಕೇಳಿ ಛಲೋ ಅದಾರ ಅಂತಾರ್ರಿ. ಲಾಳಿ ಓಡತೈತಿ, ಖರೆ. ಸಪ್ಪಳದಾಗ ಪೆಟ್ಟು ಗಟ್ಟಿ ಬಿತ್ತೋ ಸಡ್ಲ ಬಿತ್ತೋ ಗೊತ್ತಾಗೂದಿಲ್ಲ. ಅರಬಿ ಮಡಚಾಕಿ ನಾನು. ನನ್ನ ಕೈಗೆ ಗೊತ್ತಾಗತೈತಿ. ಒಂದಿನಾ ಈ ಪಟ್ಟಿ ಒಂದಕ್ಕೊಂದು ಹತ್ತಿಬಿಟ್ರ ಏನ್ ಮಾಡ್ಲಿ ನಾನು?"

ಡಾಕ್ಟರರು ಸಡಿಲ ಪಟ್ಟಿಗಳನ್ನು ತಾವೂ ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಖರೆ ಎಷ್ಟು ಕೊಡಲಿಕ್ಕತ್ತೀಯೋ?" ಎಂದರು. ಬೆಂಚಿನವರ ಎದುರಿಗೆ, ಅಕ್ಕನ ಎದುರಿಗೆ, ನಾನು ನಿಜವಾದ ಅಳತೆ ಹೇಳಿದೆ. ಅವರು ಕುರ್ಚಿಯ ಮೇಲೆ ಕುಳಿತರು. ನನ್ನನ್ನು ಬೈಯಲಿಲ್ಲ. "ನಾನೂ ಸಪ್ಪಳ ಕೇಳೇ ಬರಕೊಟ್ಟೆ," ಎಂದಷ್ಟೇ ಅಂದರು.

ಅದೇ ಮಧ್ಯಾಹ್ನ ಮೂವರೂ ಆ ಮನೆಗೆ ಹೋದೆವು. ನೇಕಾರರು ಮಗ್ಗ ನಿಲ್ಲಿಸಿ, ಕುಣಿಯಲ್ಲಿ ಕಾಲು ಬಿಟ್ಟುಕೊಂಡೇ ಎಲ್ಲ ಕೇಳಿದರು. ಹೆಂಡತಿ ಸೀರೆ ಹೊತ್ತುಕೊಂಡು ದವಾಖಾನೆಗೆ ಹೋಗಿದ್ದಳೆಂದು ತಿಳಿದಾಗ ಮುಖ ಕೆಂಪಾಯಿತು. ತನ್ನ ನೇಯ್ಗೆಯ ದೋಷವನ್ನು ಪರರ ಮುಂದೆ ಬಿಚ್ಚಿ ತೋರಿಸುವುದು ಆ ಜನಕ್ಕೆ ಸಣ್ಣ ಮಾತಲ್ಲ. ಡಾಕ್ಟರರು ವಾರವಾರ ಸ್ವಲ್ಪಸ್ವಲ್ಪ ಇಳಿಸೋಣ ಎಂದರು.

"ಇಳಸೂದೇನ್ರಿ ಸಾಹೇಬ್ರ? ಇವತ್ತ ಬಿಟ್ಟೆ," ಎಂದು ನೇಕಾರರು ಪಕ್ಕದಲ್ಲಿದ್ದ ಬಾಟಲಿಯನ್ನು ಕುಣಿಯೊಳಗೆ ಬೋರಲು ಹಾಕಿದರು.

"ಬ್ಯಾಡ. ಒಮ್ಮಿಗೇ ಬಿಟ್ರ ಮೈ ತಡಿಯೂದಿಲ್ಲ."

"ತಡೀತೈತ್ರಿ. ನಾನೇನ ಕುಡುಕನೇನ್ರಿ?"

ಡಾಕ್ಟರರು ಎಷ್ಟು ಹೇಳಿದರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅಕ್ಕನಿಗೂ ನನಗೂ ಸಂತೋಷವೇ ಆಗಿತ್ತು. ಗಂಡಸುತನ ಅಂದರೆ ಇದು ಅಂದುಕೊಂಡೆ. ಡಾಕ್ಟರರೊಬ್ಬರೇ ಸಂತೋಷಪಡಲಿಲ್ಲ.

ಮರುದಿನದಿಂದ ನಾನು ದಿನಕ್ಕೆರಡು ಸಲ ಹೋಗಿ ನೋಡಿದೆ. ಮಂಗಳವಾರ ಒಂದೇ ಸಮನೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು. ಬುಧವಾರ ವಾಂತಿ, ಭೇದಿ. ಬಿಸಿಲಲ್ಲೂ ಮೈಮೇಲೆ ಮುಳ್ಳು ಎದ್ದಿತ್ತು. ಹಾಸಿಗೆಯಲ್ಲಿ ಮಲಗಿದಾಗಲೂ ಕಾಲುಗಳು ಹಲಗೆ ತುಳಿಯುವಂತೆ ಒದ್ದುಕೊಳ್ಳುತ್ತಿದ್ದವು. ಗುರುವಾರ ಡಾಕ್ಟರರು ಬಂದು, ಸ್ವಲ್ಪ ಔಷಧ ತೆಗೆದುಕೊಂಡು ಆಮೇಲೆ ಇಳಿಸೋಣ ಎಂದು ಕೈ ಹಿಡಿದು ಕೇಳಿಕೊಂಡರು. ನೇಕಾರರು ಗೋಡೆಗೆ ಮುಖ ಮಾಡಿ ಮಲಗಿ ತಲೆಯಲ್ಲಾಡಿಸಿದರು. ಅವರ ಹಟವನ್ನು ನಾನು ಆಗಲೂ ಮೆಚ್ಚಿದೆ, ಈಗಲೂ ಮೆಚ್ಚುತ್ತೇನೆ. ಆದರೆ ಅದು ತಪ್ಪಾಗಿತ್ತು.

ಶುಕ್ರವಾರ ಬೆಳಿಗ್ಗೆ ಮಗ್ಗದ ಸಪ್ಪಳ ಕೇಳಿಸಿತು. ನಾನು ಕಿಂಡಿಯಲ್ಲಿದ್ದೆ. ಗೆದ್ದರು ಅಂದುಕೊಂಡೆ. ಅಷ್ಟೆಲ್ಲ ಆದ ಮೇಲೂ ನಾನು ಮತ್ತೆ ಸಪ್ಪಳವನ್ನೇ ನಂಬಿದೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಸಪ್ಪಳ ನಿಂತಿತು. ಕಂಡಿಕೆ ಬದಲಿಸುವಷ್ಟು ಹೊತ್ತು ಕಳೆಯಿತು. ಪಕ್ಕದ ಮನೆಯವನು ಗೋಡೆಯಾಚೆಯಿಂದ, "ಯಾಕಲೇ, ಕಾಲ ಜೋಮ ಹಿಡದೂವೇನು?" ಎಂದು ಕೂಗಿದನಂತೆ. ಉತ್ತರ ಬರಲಿಲ್ಲ. ಅವನು ಒಳಗೆ ಹೋಗಿ ನೋಡಿ ನನ್ನ ಹತ್ತಿರ ಓಡಿಬಂದ.

ನಾನು ಹೋದಾಗ ನೇಕಾರರು ಕುಣಿಯಲ್ಲಿ ಕಾಲು ಇಳಿಬಿಟ್ಟಿದ್ದಂತೆಯೇ ನೇಯ್ದ ಬಟ್ಟೆಯ ಮೇಲೆ ಹಣೆಯಿಟ್ಟು ಕುಸಿದಿದ್ದರು. ತುಟಿ ನೇರಳೆಯ ಬಣ್ಣ. ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಗಡಿಯಾರ ಹಿಡಿದು ಎಣಿಸಿದೆ. ಒಂದು ನಿಮಿಷಕ್ಕೆ ನಾಲ್ಕು ಉಸಿರು. ಕಂಡಿಕೆಯ ಬುಟ್ಟಿಯಲ್ಲಿ ಒಂದು ಸಣ್ಣ ಬಾಟಲಿ ಬಿದ್ದಿತ್ತು. ಹಿಂದೆಂದೋ ಉಳಿಸಿ ಅಡಗಿಸಿಟ್ಟದ್ದು. ಅದರ ಚೀಟಿಯ ಮೇಲೆ ನನ್ನ ಕೈಬರಹವಿತ್ತು. ಎರಡು ಹೊತ್ತಿನ ಔಷಧವನ್ನು ಒಂದೇ ಸಲಕ್ಕೆ ಕುಡಿದಿದ್ದರು. ನಾಲ್ಕು ದಿನ ಬಿಟ್ಟಿದ್ದ ಮೈ ಹಳೆಯ ಅಳತೆಯನ್ನೇ ತಾಳದು, ಅದರ ಇಮ್ಮಡಿಯನ್ನು ಹೇಗೆ ತಾಳೀತು? ಇದು ನನಗೆ ಗೊತ್ತಿತ್ತು. ಅವರಿಗೆ ನಾನು ಹೇಳಿರಲಿಲ್ಲ.

ಪಕ್ಕದ ಮನೆಯವನು ಡಾಕ್ಟರರನ್ನು ಕರೆತರಲು ಸೈಕಲ್ ಹತ್ತಿ ಜಮಖಂಡಿಗೆ ಹೊರಟ. ನೀರಿಗೆ ಹೋಗಿದ್ದ ಅಕ್ಕ ಅಷ್ಟರಲ್ಲಿ ಓಡಿಬಂದರು. ನಾನು ಮತ್ತು ಅಕ್ಕ ಅವರನ್ನು ಕುಣಿಯಿಂದ ಎಳೆದು ಬೋರಲು ಮಲಗಿಸಿದೆವು. ಮಿರಜದಲ್ಲಿ ಕಲಿಸಿದ್ದ ರೀತಿಯಲ್ಲಿ ನಾನು ಮೊಣಕಾಲೂರಿ ಪಕ್ಕೆಲುಬಿನ ಮೇಲೆ ಎರಡೂ ಅಂಗೈಯಿಟ್ಟು ಒತ್ತಿದೆ, ಬಿಟ್ಟೆ. ಒತ್ತಿದಾಗ ಗಾಳಿ ಹೊರಗೆ, ಬಿಟ್ಟಾಗ ಒಳಗೆ. ಅಕ್ಕ ಅವರ ತಲೆಯನ್ನು ಒಂದು ಪಕ್ಕಕ್ಕೆ ಹಿಡಿದಿದ್ದರು. ಅಳಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಅರ್ಧ ತಾಸಿನಲ್ಲಿ ನನ್ನ ತೋಳು ಸೋತಿತು. ಲಯ ತಪ್ಪಿತು.

"ಸರೀರಿ. ಇನ್ನ ನಾ ಮಾಡ್ತೀನಿ."

"ಅಕ್ಕಾರ, ನಿಮಗ..."

"ತೌರಮನ್ಯಾಗ ಏಳು ವರ್ಷ ನೇದೀನ್ರಿ ನಾನು. ಒಂದ ಹದಕ್ಕ ಬಡ್ಯೂದು ನನಗ ಹೇಳಿಕೊಡಬ್ಯಾಡ್ರಿ. ನೀವು ಉಸಿರು ಎಣಸ್ರಿ."

ಅವರು ಸೆರಗು ಸಿಕ್ಕಿಸಿ ಕುಳಿತರು. ಒತ್ತಿದರು, ಬಿಟ್ಟರು. ಅವಸರವಿಲ್ಲ, ಹೆಚ್ಚು ಕಡಿಮೆಯಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ನಿಮಿಷಕ್ಕೆ ಹನ್ನೆರಡು. ಮುಂದಿನ ನಿಮಿಷಕ್ಕೂ ಹನ್ನೆರಡು. ಒಂದು ತಾಸು, ಆಮೇಲೆ ಇನ್ನೊಂದು ತಾಸು. ನಡುವೆ ನನಗೆ ಕೊಟ್ಟದ್ದು ಎರಡೇ ಸಲ, ನೀರು ಕುಡಿಯುವಷ್ಟು ಹೊತ್ತು. ಆ ಹೊತ್ತೆಲ್ಲ ಅವರು ಗಂಡನ ಜೊತೆ ಸಣ್ಣ ದನಿಯಲ್ಲಿ ಮಾತಾಡುತ್ತಲೇ ಇದ್ದರು. "ಹಟಮಾರಿ ಅದೀರಿ ನೀವು. ಹಟಾ ಮಾಡ್ರಿ ಈಗ. ಉಸರಾಡ್ರಿ. ನನ್ನ ಮ್ಯಾಲಿನ ಸಿಟ್ಟಿಗಾದ್ರೂ ಉಸರಾಡ್ರಿ." ನಾನು ಹಲವು ವರ್ಷ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದೇನೆ. ಅಂಥ ಕೈಯನ್ನು ಮತ್ತೆ ನೋಡಲಿಲ್ಲ.

ಡಾಕ್ಟರರು ಬಾಡಿಗೆಯ ಮೋಟಾರಿನಲ್ಲಿ ಬಂದಾಗ ಎರಡೂಮುಕ್ಕಾಲು. ಉಸಿರು ಎಬ್ಬಿಸುವ ಸೂಜಿ ಕೊಟ್ಟರು. ಸಂಜೆ ಐದರ ಹೊತ್ತಿಗೆ ನೇಕಾರರು ತಾವೇ ಉಸಿರಾಡುತ್ತಿದ್ದರು. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ನನ್ನ ಬೆನ್ನಾಗ ಯಾರು ಒದ್ದಾರ?" ಪಕ್ಕದ ಮನೆಯವನು, ಹೋಗಿಬಂದ ದಣಿವಿಗೆ ಹೊಸ್ತಿಲಲ್ಲಿ ಕಾಲು ಚಾಚಿ ಕುಳಿತವನು, "ನಿನ್ನ ಹೇಣ್ತಿ. ಹತ್ತ ವರ್ಷದ್ದು ಒಂದ ದಿನದಾಗ ತೀರಿಸ್ಕೊಂಡಾಳಲೇ," ಎಂದ. ಅಕ್ಕ ಆಗ ಒಳಗೆ ಹೋಗಿ ಅತ್ತರು. ಆ ದನಿ ನನಗೆ ಕೇಳಿಸಿತು.

ಆಮೇಲೆ ಡಾಕ್ಟರರು ಹೇಳಿದಂತೆಯೇ ನಡೆಯಿತು. ಅಳತೆಯನ್ನು ವಾರಕ್ಕೊಮ್ಮೆ ಸ್ವಲ್ಪ ಇಳಿಸುವುದು. ಬಾಟಲಿ ಮನೆಗೆ ಹೋಗಬಾರದು. ದಿನಕ್ಕೆ ಮೂರು ಹೊತ್ತು ನೇಕಾರರೇ ಕಿಂಡಿಗೆ ಬಂದು ನನ್ನೆದುರಿಗೆ ಕುಡಿಯಬೇಕು. ಎಷ್ಟು ಇಳಿಸಬೇಕು, ಯಾವ ವಾರ ತಡೆಯಬೇಕು ಎಂಬುದನ್ನು ಡಾಕ್ಟರರು ಬಟ್ಟೆ ನೋಡಿ ಗೊತ್ತುಮಾಡುತ್ತಿದ್ದರು. ಪ್ರತಿ ಸೋಮವಾರ ಅಕ್ಕ ವಾರದ ನೇಯ್ಗೆ ತರುತ್ತಿದ್ದರು, ನಾನು ಒಂದು ತುದಿ ಹಿಡಿಯುತ್ತಿದ್ದೆ. ಸಡಿಲ ಪಟ್ಟಿಗಳು ಹೆಚ್ಚಾಗಿದ್ದರೆ ಆ ವಾರ ಇಳಿಸುತ್ತಿರಲಿಲ್ಲ. ಓದಿದ ಡಾಕ್ಟರರು ಒಬ್ಬ ಹೆಣ್ಣುಮಗಳ ಅಂಗೈಯನ್ನು ನಂಬಿ ಔಷಧ ಬರೆದದ್ದನ್ನು ಜಮಖಂಡಿಯ ಅವರ ಸ್ನೇಹಿತರು ಗೇಲಿ ಮಾಡಿದರಂತೆ. ಅವರು ತಲೆಕೆಡಿಸಿಕೊಳ್ಳಲಿಲ್ಲ.

ಒಂದೇ ಒಂದು ಸಲ ತಪ್ಪಿತು. ಕಾರ್ತಿಕದಲ್ಲಿ ನೇಕಾರರು ಸಂಬಂಧಿಕರೊಬ್ಬರ ದಿನಕರ್ಮಕ್ಕೆ ಮುಧೋಳಕ್ಕೆ ಹೋಗಿದ್ದರು. ಅಲ್ಲೊಬ್ಬ ಮುದುಕ ನಡುವಿನ ಚೀಲದಿಂದ ಅಫೀಮಿನ ಗುಳಿಗೆ ತೆಗೆದು ಕೊಟ್ಟನಂತೆ, ಇವರು ನುಂಗಿದರಂತೆ. ಮರುದಿನ ಬಸ್ಸಿಳಿದವರು ಮನೆಗೆ ಹೋಗದೆ ನೇರ ಕಿಂಡಿಗೆ ಬಂದು ಅದನ್ನು ನನಗೆ ಹೇಳಿದರು. ಯಾಕೆ ಹೇಳಿದಿರಿ ಎಂದು ನಾನು ಕೇಳಿದೆ. ನನ್ನ ಅನುಭವದಲ್ಲಿ ಯಾರೂ ಹೇಳುವುದಿಲ್ಲ.

"ನನ್ನ ಹೊಟ್ಟ್ಯಾಗ ಹೋದದ್ದು ಅಕಿಗೆ ಅರಬ್ಯಾಗ ಕಾಣತೈತಿ. ಸುಳ್ಳ ಹೇಳಿ ಎಲ್ಲಿಗೆ ಹೋಗ್ಲಿ?" ಎಂದು ನಕ್ಕರು. ನಗು ನಿಂತ ಮೇಲೆ ಹೇಳಿದರು: "ನಿಮಗ ಒಂದು ಮಾತು ಹೇಳ್ಲೇನ್ರಿ? ನೋವು ಹೋಗ್ಲಿ ಅಂತ ಕುಡದದ್ದು ಮೊದಲಿನ ಎರಡು ತಿಂಗಳು ಅಷ್ಟ. ಆಮ್ಯಾಲಿಂದು ಎಲ್ಲಾ, ಅದು ಇಲ್ಲದಾಗ ಆಗೂ ನೋವಿಗೆ ಕುಡದದ್ದು."

ನಾನು ಓದಿದ ಯಾವ ಪುಸ್ತಕದಲ್ಲೂ ಇದನ್ನು ಇಷ್ಟು ಸರಳವಾಗಿ ಬರೆದಿರಲಿಲ್ಲ.

ಶಿವರಾತ್ರಿಗೆ ಎಂಟು ದಿನ ಮುಂಚೆ ಕಡೆಯ ಅಳತೆ ಕೊಟ್ಟೆ. ಎರಡು ಹನಿ. ಅದಾದ ಮೇಲೆ ನೇಕಾರರು ಒಂದು ವಾರ ಬರೀ ನೀರಿಗಾಗಿಯೇ ಮೂರು ಹೊತ್ತು ಕಿಂಡಿಗೆ ಬಂದರು. ಬರುವುದು ರೂಢಿಯಾಗಿಬಿಟ್ಟಿದೆ, ಒಮ್ಮೆಲೇ ಬಿಟ್ಟರೆ ಮೈ ತಡೆಯುವುದಿಲ್ಲವೆಂದು ಡಾಕ್ಟರರೇ ಹೇಳಿದ್ದಾರೆ ಎಂದು ಚೇಷ್ಟೆ ಮಾಡಿದರು.

ಬೆನ್ನಿನ ನೋವು ಹೋಗಲಿಲ್ಲ. ಇದನ್ನು ಹೇಳದಿದ್ದರೆ ನಾನು ಬರೆದದ್ದು ಸುಳ್ಳಾಗುತ್ತದೆ. ಅವರು ತಾಸಿಗೊಮ್ಮೆ ಕುಣಿಯಿಂದ ಎದ್ದು, ಅಂಗಳದಲ್ಲಿ ನಾಲ್ಕು ಸುತ್ತು ನಡೆದು, ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ನಡುವಿಗೆ ಒತ್ತಿಕೊಂಡು ಮತ್ತೆ ಕೂರುತ್ತಿದ್ದರು. ಮೂರು ದಿನಕ್ಕೆ ಇಳಿಯುತ್ತಿದ್ದ ಸೀರೆಗೆ ಐದು ದಿನ ಹಿಡಿಯಿತು. ಅವರ ಮಗ್ಗ ತಾಸಿಗೊಮ್ಮೆ ನಿಲ್ಲುವುದಕ್ಕೆ ಓಣಿಯ ಕಿವಿ ಒಗ್ಗಿತು. ಹಾಗೆ ನೇಯುತ್ತ ಅವರು ಇನ್ನೂ ಇಪ್ಪತ್ತೊಂದು ವರ್ಷ ಬದುಕಿದರು. ಮಗಳ ಮದುವೆಯ ಸೀರೆಯನ್ನು ತಾವೇ ಇಳಿಸಿದರು. ತೀರಿಕೊಂಡದ್ದು ಬೇರೆ ಕಾಯಿಲೆಯಿಂದ. ಆ ಕೊನೆಯ ಕಾಯಿಲೆಯಲ್ಲಿ ಇನ್ನೊಬ್ಬ ಡಾಕ್ಟರರು ಮಾರ್ಫಿಯಾ ಕೊಡಬೇಕೆಂದಾಗ ಅಕ್ಕ ಬೇಡ ಎನ್ನಲಿಲ್ಲ. ಎಷ್ಟು ಕೊಡುತ್ತೀರಿ, ಯಾರು ಅಳೆಯುತ್ತಾರೆ, ಎಷ್ಟು ದಿನಕ್ಕೆ ಎಂದು ಮೂರು ಮಾತು ಕೇಳಿ, ಉತ್ತರ ಬಂದ ಮೇಲೆ ಒಪ್ಪಿದರಂತೆ.

ಆ ಶುಕ್ರವಾರ ಕುಣಿಯ ಹತ್ತಿರ ನಡೆದದ್ದನ್ನು ನೋಡಿದವರು ನಾಲ್ವರು. ಡಾಕ್ಟರರು ಈಗಿಲ್ಲ. ಪಕ್ಕದ ಮನೆಯವನು ರಬಕವಿಯಲ್ಲೇ ಇದ್ದಾನೆ, ಕಣ್ಣು ಮಂಜಾಗಿದೆ, ಮಾತು ಮಂಜಾಗಿಲ್ಲ. ಅಕ್ಕ ಬನಹಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳು ಹೋಗಿ ಇದನ್ನೆಲ್ಲ ಓದಿ ಹೇಳಿದೆ. ಎರಡು ಕಡೆ ತಿದ್ದಿದರು. ತಿದ್ದಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ. ನಾಲ್ಕನೆಯವನು ನಾನು.